ನನ್ನ ಮಾತಿಗಾಗಿ ಅಜ್ಜಿ ಬಾಯಿ ಮುಚ್ಚಿದ ಶ್ರಾವಣ

ನಾನು ಮಾತಿಗೆ ನಿಂತರೆ ಬಸ್ಸು ತಪ್ಪಿಹೋಗುತ್ತದೆ ಅಂತ ನನ್ನ ಮಕ್ಕಳು ದೂರುತ್ತಾರೆ. ತಪ್ಪಲಿ ಬಿಡಿ, ಇನ್ನೊಂದು ಬರುತ್ತದೆ. ಇದೇ ಬಾಯಲ್ಲಿ ಮಾತೇ ಇಲ್ಲ ಅಂತ ಒಂದು ಕಾಲದಲ್ಲಿ ಹೊಳೆನರಸೀಪುರದ ಪೇಟೆಬೀದಿ ತೀರ್ಮಾನ ಮಾಡಿ, 'ಅಂಗಡಿಯೋರ ಮನೆ ಮೂಗಿ' ಅಂತ ನನಗೊಂದು ಬಿರುದು ಬೇರೆ ಕೊಟ್ಟಿತ್ತು ಅಂದರೆ ಅವರು ನಗುತ್ತಾರೆ. ನಗುವಂಥದ್ದೇ. ಆದರೆ ಆಗ ನಾನು ನಗುತ್ತಿರಲಿಲ್ಲ.

ನಯಾಪೈಸೆ ಬಂದು ಕೆಲವು ವರ್ಷವಾಗಿದ್ದರೂ ಜನ ಇನ್ನೂ ಆಣೆಯಲ್ಲೇ ವ್ಯಾಪಾರ ಮಾತಾಡುತ್ತಿದ್ದ ಕಾಲ. ನಮ್ಮದು ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಬಾಗಿಲಲ್ಲಿ ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ. ಅಲ್ಲಿ ಕೂತರೆ ಅಪ್ಪ ಹಿಡಿದ ತಕ್ಕಡಿಯೂ ಕಾಣುತ್ತಿತ್ತು, ಅವ್ವ ಮತ್ತು ಚಿಕ್ಕವ್ವ ಒಗ್ಗರಣೆಗೆ ಸುರಿಯುವ ಎಣ್ಣೆಯೂ ಕಾಣುತ್ತಿತ್ತು. ಎರಡರ ಬಗ್ಗೆಯೂ ಅಜ್ಜಿಗೆ ಹೇಳುವುದಿತ್ತು. ಬೀದಿಯಲ್ಲಿ ಹೋಗುವವರ ಬಗ್ಗೆಯೂ ಇತ್ತು, ಹೋಗದೆ ಮನೆಯಲ್ಲೇ ಕೂತವರ ಬಗ್ಗೆಯೂ ಇತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಾಯಿ ತೆರೆದರೆ ರಾತ್ರಿ ನಿದ್ದೆ ಬಂದಾಗ ಅದು ತಾನಾಗಿ ಮುಚ್ಚಬೇಕು. ಹಾಗಂತ ಕೆಟ್ಟವಳಲ್ಲ. ನಾನು ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲೇ. ಅವಳ ಮಾತು ಕಿವಿಗೆ ಬೀಳದಿದ್ದರೆ ನನಗೆ ಕಣ್ಣು ಮುಚ್ಚುತ್ತಿರಲಿಲ್ಲ.

ನನಗೆ ಮಾತು ಬರುತ್ತಿತ್ತು. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೆ. 'ನೀರು' ಅನ್ನಬೇಕಾದರೆ ನೀ, ನೀ, ನೀ ಅಂತ ಅಲ್ಲಲ್ಲೇ ತಿರುಗಿ, ತುಟಿ ನಡುಗಿ, ಕಣ್ಣು ತಾನಾಗಿ ಮುಚ್ಚಿಕೊಂಡು, ಆಮೇಲೆ ಬರುತ್ತಿತ್ತು. ಕಾದರೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಕಾಯುವವರು ಯಾರಪ್ಪಾ? ನಾನು ತುಟಿ ಅಲ್ಲಾಡಿಸಿದರೆ ಸಾಕು, ಹರಾಜು ಶುರು.

ಒಂದು ದಿನ ಹಿತ್ತಲಲ್ಲಿ ಕರು ಹಗ್ಗ ಬಿಚ್ಚಿಕೊಂಡು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿತ್ತು. ಓಡಿಬಂದು "ಕ... ಕ... ಕ..." ಅಂದೆ.

"ಕಡ್ಲೆ ಬೇಕಾ ಮಗಾ?" ಅಂದಳು ಅಜ್ಜಿ.

"ಕಡ್ಲೆ ಆಗ್ಲೇ ತಿಂದದೆ ಅತ್ತೆ. ಕೊಬ್ರಿ ಇರ್ಬೇಕು," ಅಂದಳು ಚಿಕ್ಕವ್ವ.

"ಕಾಲು ನೋಯ್ತದೇನೋ," ಅಂದಳು ಅವ್ವ.

ನಾನು ತಲೆ ಅಲ್ಲಾಡಿಸುವುದರೊಳಗೆ ಕೈಗೆ ಕೊಬ್ಬರಿ ಬೆಲ್ಲ ಬಂತು. ನಾನು ಕೊಬ್ಬರಿ ತಿಂದೆ, ಕರು ಹಾಲು ಕುಡಿಯಿತು. ಸಂಜೆ ಹಾಲು ಕರೆಯಲು ಕೂತ ಅಜ್ಜಿ ಹಸುವಿನ ತಾಯಿ, ಅಜ್ಜಿ, ಮುತ್ತಜ್ಜಿಯನ್ನೆಲ್ಲ ಎತ್ತಿ ಬೈದಳು. ಅವತ್ತಿನಿಂದ ನಾನು ಬಾಯಿ ತೆರೆಯುವ ಗೋಜನ್ನೇ ಬಿಟ್ಟೆ. ತಿಂಡಿ ಡಬ್ಬದ ಪಕ್ಕ ಸುಮ್ಮನೆ ಹೋಗಿ ನಿಂತರೆ ಬೇಕಾದದ್ದು ಸಿಗುವಾಗ ಕಷ್ಟಪಡುವುದು ಯಾಕೆ?

ಮೂಗಿ ಆಗಿರುವುದರಲ್ಲಿ ಇನ್ನೊಂದು ಲಾಭ ಇತ್ತು. ಬಾಯಿ ಇಲ್ಲದವಳಿಗೆ ಕಿವಿಯೂ ಇಲ್ಲ ಅಂತ ಜನ ಅಂದುಕೊಂಡಿದ್ದರು. ಅಂಗಡಿಯಲ್ಲಿ ರಾಗಿಮೂಟೆಯ ಮೇಲೆ ನಾನು ಕೂತಿರುವಾಗಲೇ ಎಲ್ಲರೂ ಎಲ್ಲವನ್ನೂ ಮಾತಾಡುತ್ತಿದ್ದರು. ಯಾರ ಮನೆ ಮದುವೆ ಯಾಕೆ ಮುರಿಯಿತು, ಪೂಜೆಗೆ ಅಂತ ಎತ್ತಿಟ್ಟ ಸಕ್ಕರೆ ಅಚ್ಚನ್ನು ಚಿಕ್ಕವ್ವ ಯಾವಾಗ ನುಂಗಿದಳು, ಎಲ್ಲವೂ ನನ್ನ ಹೊಟ್ಟೆಯಲ್ಲಿತ್ತು. ಪೇಟೆಬೀದಿಯ ಗುಟ್ಟಿನ ಕಣಜ ಅಂದರೆ ನಾನೇ.

ಔಷಧಿಗಳ ಕಥೆ ಕೇಳಿ. ಬಜೆ ತೇಯ್ದು ನಾಲಗೆಗೆ ತಿಕ್ಕಿದರು, ಉರಿ ಅಂದರೆ ಉರಿ. ಪೂಜೆಯ ಗಂಟೆಯನ್ನು ಮಗುಚಿ ಅದರಲ್ಲಿ ನೀರು ಕುಡಿಸಿದರು. ಕೊಣನೂರು ಸಂತೆಯಲ್ಲಿ ಗಿಣಿಶಾಸ್ತ್ರದವನ ಗಿಣಿ ಕಚ್ಚಿದ ಸೀಬೆಹಣ್ಣು ತಿನ್ನಿಸಿದರು. ಗಿಣಿ ಹಣ್ಣಿನ ಜೊತೆ ನನ್ನ ಬೆರಳನ್ನೂ ಕಚ್ಚಿತು. ಕೊನೆಗೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬ್ಯಾಟರಿ ಬೆಳಕು ಹಿಡಿದು ನನಗೆ "ಆ ಅನ್ನಮ್ಮ" ಅಂದರು. ಪಕ್ಕದಲ್ಲಿದ್ದ ಅಜ್ಜಿ ತನ್ನ ಬಾಯಿ ಅಗಲಿಸಿ "ಆಆಆ" ಅಂದಳು. ಡಾಕ್ಟರು ಒಂದು ಗಳಿಗೆ ಯಾರ ನಾಲಗೆ ನೋಡಬೇಕು ಅಂತ ಯೋಚಿಸಿದರು. ನನ್ನ ನಾಲಗೆ ಸರಿಯಾಗಿದೆ, ಕಿವಿಯೂ ಸರಿಯಾಗಿದೆ, ಮಗು ಹೆದರಿದ ಹಾಗಿದೆ ಅಂದರು. ಅಜ್ಜಿ ವಾಪಸು ಬರುವಾಗ ಬಸ್ಸಿನ ತುಂಬ "ಎದ್ರಿಕೆ ಅಂತೆ, ನಮ್ ಮನೇಲಿ ಯಾರಿಗವ್ವ ಎದರ್ಬೇಕು ಇದು?" ಅಂತ ಊರು ಬರುವವರೆಗೂ ಅರಚಿದಳು.

ಸ್ಕೂಲಿಗೆ ಸೇರಿಸಿದ ಮೇಲೆ ಸಂಕಟ ಶುರುವಾಯಿತು. ಹೆಡ್ಮೇಷ್ಟ್ರು ಅಪ್ಪನನ್ನು ಕರೆಸಿ, ಈ ಮಗುವನ್ನು ಮೈಸೂರಿನಲ್ಲಿ ಮೂಗರಿಗೆ ಅಂತಲೇ ಇರುವ ಶಾಲೆಯಲ್ಲಿ ಬಿಡಿ, ಅಲ್ಲೇ ಊಟ, ಅಲ್ಲೇ ವಾಸ, ಕೈಸನ್ನೆ ಕಲಿಸುತ್ತಾರೆ, ಇಲ್ಲಿ ಇಟ್ಟುಕೊಂಡರೆ ಅದರ ಬಾಳು ಹಾಳು ಅಂದರು. ಅವರ ಮನಸ್ಸಿನಲ್ಲಿ ನನ್ನ ಒಳ್ಳೆಯದೇ ಇತ್ತು. ಆದರೆ ಪಕ್ಕದಲ್ಲಿ ನಿಂತಿದ್ದ ನಾನು ಅಪ್ಪನ ಪಂಚೆ ಹಿಡಿದುಕೊಂಡೆ. ಮೈಸೂರು ಅಂದರೆ ಅಜ್ಜಿಯ ಮಗ್ಗುಲು ಇಲ್ಲ. ಅವಳ ಕಂಬಳಿ ಇಲ್ಲ. ಅಪ್ಪ "ಶ್ರಾವಣ ಕಳೀಲಿ ಸಾ, ಒಂದು ದಾರಿ ಮಾಡ್ತೀನಿ," ಅಂದ.

ಅದೇ ಆಷಾಢದಲ್ಲಿ ನಮ್ಮ ಕ್ಲಾಸಿಗೆ ಹೊಸ ಟೀಚರಮ್ಮ ಬಂದರು. ಹಾಸನದ ಕಡೆಯವರು, ಉದ್ದ ಜಡೆ, ಚೇಷ್ಟೆಯ ಕಣ್ಣು. ನನ್ನನ್ನು ಕರೆದು ಏನೋ ಕೇಳಿದರು. ನಾನು ಎಂದಿನಂತೆ ನೆಲ ನೋಡಿದೆ. ಪಕ್ಕದ ಹುಡುಗಿ "ಅದ್ಕೆ ಮಾತ್ ಬರಾಕಿಲ್ಲ ಟೀಚರ್" ಅಂದಳು. "ನಿನ್ನ ಕೇಳಿದ್ನಾ?" ಅಂದು ಅವಳನ್ನು ಕೂರಿಸಿದರು. ಆಮೇಲೆ ನನ್ನ ಮುಖ ನೋಡದೆ ಸೀಮೆಸುಣ್ಣದ ಡಬ್ಬ ತೆಗೆದು ಒಂದೊಂದೇ ತುಂಡು ಜೋಡಿಸುತ್ತ ಕೂತರು. ಗದರಲಿಲ್ಲ, ಪುಸಲಾಯಿಸಲಿಲ್ಲ. ನನಗೆ ವಿಚಿತ್ರ ಅನ್ನಿಸಿತು. ಈ ಹೆಂಗಸು ಯಾಕೆ ಏನೂ ಊಹೆ ಮಾಡುತ್ತಿಲ್ಲ?

ಅವರ ತಮ್ಮನಿಗೂ ಹೀಗೇ ಉಗ್ಗು ಇತ್ತಂತೆ. ಮೈಸೂರಿನಲ್ಲಿ ಒಬ್ಬ ಡಾಕ್ಟರು ಹೇಳಿಕೊಟ್ಟಿದ್ದನ್ನು ಅವನಿಗೆ ಮಾಡಿಸಿದ್ದರಂತೆ. ಸ್ಕೂಲು ಬಿಟ್ಟ ಮೇಲೆ ಜಗಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಅಂಗೈ ಮೇಲೆ ಹತ್ತಿಯ ಎಳೆ ಇಟ್ಟು ಊದಿಸುತ್ತಿದ್ದರು, ಮೆಲ್ಲಗೆ, ಹಾರದ ಹಾಗೆ. ಅದೇ ಉಸಿರಲ್ಲಿ ಪದವನ್ನು ಜಾರಿಸು, ತಳ್ಳಬೇಡ ಅನ್ನುತ್ತಿದ್ದರು. ಇಬ್ಬರೂ ಜೊತೆಯಲ್ಲಿ ರಾಗವಾಗಿ ಮಗ್ಗಿ ಹೇಳುತ್ತಿದ್ದೆವು. ರಾಗದಲ್ಲಿ ನನ್ನ ನಾಲಗೆ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ! ಆಷಾಢ ಮುಗಿಯುವ ಹೊತ್ತಿಗೆ ಅವರ ಒಬ್ಬರ ಮುಂದೆ ನಾನು ನಿಧಾನವಾಗಿ ಒಂದೆರಡು ಮಾತು ಆಡುತ್ತಿದ್ದೆ. ಅವರು ಖುಷಿಯಿಂದ ಹೆಡ್ಮೇಷ್ಟ್ರ ಮುಂದೆ ನಿಲ್ಲಿಸಿದರು. "ಎಲ್ಲಿ, ಹೇಳು ನೋಡೋಣ," ಅಂತ ಅವರು ಮೀಸೆ ಮುಂದೆ ತಂದರು. ಮುಗಿಯಿತು. ಗಂಟಲಿಗೆ ಬೀಗ. "ನಿಮ್ಮ ಭ್ರಮೆ ತಾಯಿ," ಅಂದರು ಹೆಡ್ಮೇಷ್ಟ್ರು.

ಟೀಚರಮ್ಮ ನನ್ನ ಕೈ ಹಿಡಿದು ಮನೆಗೆ ಬಂದರು. "ಅಜ್ಜೀ, ಮಗು ಬಾಯಿ ತೆರೆದಾಗ ಮನೆಯವರೆಲ್ಲ ಒಂದು ಚೂರು ಸುಮ್ಮನೆ..." ಅನ್ನುವಷ್ಟರಲ್ಲಿ ಅಜ್ಜಿ ಶುರು.

"ಸುಮ್ಕೆ ಅಂದ್ರೆ ನಾನು ಸುಮ್ಕೇ ಕಣವ್ವ. ನನ್ಗೆ ಮಾತೇ ಆಗಾಕಿಲ್ಲ. ಮದ್ವೆ ಆಗಿ ಬಂದಾಗ ನನ್ ಅತ್ತೆ ನನ್ನ ಮೂಕ ಬಸವಿ ಅಂತಿದ್ಲು. ಅದಿರ್ಲಿ, ನಿಂಗೆ ಮದ್ವೆ ಆಗದಾ? ಯಾಕಾಗಿಲ್ಲ? ಜಡೆಗೆ ಏನು ಆಕ್ತೀಯ, ಕೊಬ್ರಿ ಎಣ್ಣೆನಾ ಅರಳೆಣ್ಣೆನಾ?"

ಟೀಚರಮ್ಮ ಇನ್ನೆರಡು ಸಲ ಬಾಯಿ ತೆರೆದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ, ಅಯ್ಯೋ ಪಾಪ, ನಿನ್ನ ಕಷ್ಟ ಈಗ ಗೊತ್ತಾಯಿತು ಅಂತ ಬರೆದಿತ್ತು. ಕೊಬ್ಬರಿ ಎಣ್ಣೆ ಅಂತ ಒಪ್ಪಿಕೊಂಡು ಹೊರಗೆ ಬಂದರು. ಬಂದವರು ಮನೆಗೆ ಹೋಗಲಿಲ್ಲ, ನನ್ನನ್ನೂ ಎಳೆದುಕೊಂಡು ನೇರ ಮಠಕ್ಕೆ ಹೋದರು.

ಮಠದ ಅಯ್ನೋರು ಪ್ರತಿ ಸೋಮವಾರ ನಮ್ಮ ಮನೆಗೆ ಭಿಕ್ಷೆಗೆ ಬರುತ್ತಿದ್ದರು. ಹಿರಿಯರು, ಶಾಂತ ಸ್ವಭಾವ. ಅಜ್ಜಿ ಅವರನ್ನು ಬಿಟ್ಟರೆ ದೇವರ ಮಾತನ್ನೂ ಕೇಳುತ್ತಿರಲಿಲ್ಲ. ಟೀಚರಮ್ಮ ಎಲ್ಲ ವಿವರಿಸಿ, "ಬುದ್ದಿ, ನೀವು ಒಂದು ಮೌನವ್ರತ ಅಂತ ಹೇಳಿಬಿಟ್ಟರೆ..." ಅಂದರು. ನಾನು ಪಕ್ಕದಲ್ಲೇ ಇದ್ದೆ. ಟೀಚರಮ್ಮನೂ ಆ ಹೊತ್ತು ನನ್ನ ಕಿವಿಯನ್ನು ಮರೆತಿದ್ದರು.

ಅಯ್ನೋರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು. ಆಮೇಲೆ, "ತಾಯಿ, ಆ ಮನೇಲಿ ನಾನು ಒಂದು ದಿನಾನೂ ಆಶೀರ್ವಾದ ಪೂರ್ತಿ ಮಾಡಿಲ್ಲ. ಶುರು ಮಾಡ್ತೀನಿ, ಆ ಯಮ್ಮ ಮುಗಿಸ್ತದೆ. ಮಗಿಗೂ ಒಳ್ಳೇದು, ನನಗೂ ಒಳ್ಳೇದು. ಅಂಗೇ ಏಳ್ತೀನಿ ಬುಡು," ಅಂದರು.

ಮುಂದಿನ ಸೋಮವಾರ ಬಂದು ಗಂಭೀರವಾಗಿ ಕೂತರು. "ನೋಡವ್ವ, ಕೂಸಿನ ನಾಲಗೆ ಮೇಲೆ ಇರಬೇಕಾದ ಮಾತೆಲ್ಲ ದಾರಿ ತಪ್ಪಿ ನಿನ್ ನಾಲಗೆ ಮೇಲೆ ಬಂದು ಕೂತವೆ. ಶ್ರಾವಣದ ಸೋಮವಾರ ಬೆಳಿಗ್ಗೆ ಪೂಜೆಯಿಂದ ಸಂಜೆ ದೀಪದಗಂಟ ಮೌನ ಇಡು. ನಡುವೆ ಬಾಯಿ ಬುಟ್ಟೆಯೋ, ಆ ಮಾತು ಕೂಸಿನ ಪಾಲಿಂದ ಓಯ್ತದೆ."

ಅಜ್ಜಿ ನಡುಗಿಹೋದಳು. ಮರುಗಳಿಗೆಯಲ್ಲೇ ಸುಧಾರಿಸಿಕೊಂಡು, "ಬುದ್ದಿ, ನಾನೊಬ್ಳೇ ಇಟ್ರೆ ಇವರಿಬ್ರು ಸೊಸೆದೀರು ನನ್ ಮುಂದೇನೇ ನನ್ ವಿಷ್ಯ ಆಡ್ಕೊತವೆ. ಎಲ್ರೂ ಇಡ್ಲಿ," ಅಂದಳು. ಹೀಗೆ ಮನೆಯ ಹೆಂಗಸರೆಲ್ಲ ಮೌನಕ್ಕೆ ಬಿದ್ದರು. ನನಗೆ ಮಾತ್ರ ವಿನಾಯಿತಿ. ಹೇಗೂ ಇಲ್ಲದ್ದನ್ನು ಕಟ್ಟುವುದೇನು?

ಆ ಮೊದಲ ಸೋಮವಾರ ನೋಡಬೇಕಿತ್ತು! ಅಜ್ಜಿಯ ಬಾಯಿ ಒಂದೇ ಮುಚ್ಚಿತ್ತು, ಮಿಕ್ಕಿದ್ದೆಲ್ಲ ಮಾತಾಡುತ್ತಿತ್ತು. ಚಿಟಿಕೆ ಹೊಡೆದಳು, ಸೌಟಿನಿಂದ ಕಂಬ ಬಡಿದಳು, ಗೋಡೆ ಗುದ್ದಿದಳು. ಎರಡು ಬೆರಳು ತೋರಿಸಿ ಮೂಗು ಹಿಡಿದುಕೊಂಡರೆ ಹಿಂಗು ತಾ ಅಂತಲೋ, ಹಿತ್ತಲಲ್ಲಿ ಏನೋ ಸತ್ತಿದೆ ಅಂತಲೋ ತಿಳಿಯದೆ ಚಿಕ್ಕವ್ವ ಎರಡನ್ನೂ ಹುಡುಕಿದಳು. ಅಂಗಡಿಗೆ ಬಂದ ಗಿರಾಕಿಗಳು, ಯಾರಿಗೆ ಏನಾಯಿತು, ಮನೆಯಲ್ಲಿ ಸದ್ದೇ ಇಲ್ಲವಲ್ಲ ಅಂತ ಅಪ್ಪನನ್ನು ಗುಟ್ಟಾಗಿ ವಿಚಾರಿಸಿದರು. ಅಯ್ನೋರು ಭಿಕ್ಷೆಗೆ ಬಂದು ಆಶೀರ್ವಾದವನ್ನು ಮೊದಲಿನಿಂದ ಕೊನೆಯವರೆಗೆ, ಎಷ್ಟು ಸಾಧ್ಯವೋ ಅಷ್ಟು ಎಳೆದು ಎಳೆದು ಹೇಳಿ ತೃಪ್ತಿಯಿಂದ ಹೋದರು.

ಉಪಾಯ ಮಾತ್ರ ನಡೆಯಲಿಲ್ಲ. ಮಧ್ಯಾಹ್ನ ನಾನು ಏನೋ ಕೇಳೋಣ ಅಂತ ತುಟಿ ಅಲ್ಲಾಡಿಸಿದೆ. ತಕ್ಷಣ ಅಜ್ಜಿ ಮುಂದಕ್ಕೆ ಬಾಗಿದಳು. ಅವ್ವ ಬಾಗಿದಳು. ಚಿಕ್ಕವ್ವ ಸೌಟು ಹಿಡಿದುಕೊಂಡೇ ಬಾಗಿದಳು. ಮೂರು ಜೊತೆ ಕಣ್ಣು ನನ್ನ ಬಾಯೊಳಗೇ ಇಳಿದವು. ಹೆಡ್ಮೇಷ್ಟ್ರ ಮೀಸೆಗಿಂತ ಇದು ಭಯಂಕರ! ತಟ್ಟನೆ ಬಾಯಿ ಮುಚ್ಚಿಕೊಂಡೆ. ಅಲ್ಲದೆ ಇವರ ಆಟವೆಲ್ಲ ನನಗೆ ಗೊತ್ತಿತ್ತಲ್ಲ, ಇವರು ವ್ರತ ಇಟ್ಟ ಕೂಡಲೇ ಬಾಯಿ ಬಿಡುವುದಕ್ಕೆ ನಾನೇನು ಕೊಣನೂರಿನ ಗಿಣಿಯೇ ಅಂತ ಒಂದು ಹಟವೂ ಇತ್ತು. ಎರಡನೆಯ ಸೋಮವಾರವೂ ಹಾಗೇ ಕಳೆಯಿತು. ಅಜ್ಜಿ ದೀಪ ಹಚ್ಚಿದ ಮೇಲೆ ನನ್ನ ತಲೆ ಸವರಿ, "ನಂದೇ ಏನೋ ಒಂದ್ ಮಾತು ಮಧ್ಯಾಹ್ನದ ನಿದ್ದೇಲಿ ಜಾರಿರ್ಬೇಕು ಕಣವ್ವ," ಅಂತ ಕಣ್ಣು ಒರೆಸಿಕೊಂಡಳು. ನಾನು ಅವಳ ಸೆರಗಿನೊಳಗೆ ಮುಖ ಹುದುಗಿಸಿದೆ.

ಆ ವಾರ ಸಂತೆಯ ದಿನ ಅರಕಲಗೂಡಿನಿಂದ ನನ್ನ ಸೋದರಮಾವ, ಅವ್ವನ ಅಣ್ಣ, ಹೊಗೆಸೊಪ್ಪಿನ ವ್ಯಾಪಾರಕ್ಕೆ ಬಂದವನು ಅಂಗಡಿಗೂ ಬಂದ. ನನ್ನ ಕೈಗೆ ಪೆಪ್ಪರ್‌ಮೆಂಟು ಕೊಟ್ಟು ರಾಗಿಮೂಟೆಯ ಮೇಲೆ ಕೂರಿಸಿ ಅಪ್ಪನ ಜೊತೆ ಮಾತಿಗೆ ಕೂತ. ಮೈಸೂರಿನ ಶಾಲೆಯಲ್ಲಿ ಗೊತ್ತಿದ್ದವರಿಗೆ ಹೇಳಿಸಿದ್ದೇನೆ, ಜಾಗ ಇದೆಯಂತೆ ಅಂದ.

ಅಪ್ಪ ದನಿ ತಗ್ಗಿಸಿ, "ಬಾವ, ನಮ್ಮವ್ವಂಗೆ ಏಳಿದ್ರೆ ಊರು ಒಂದು ಮಾಡ್ತಾಳೆ. ನೀವು ಸ್ವಾಮಾರ ಬನ್ನಿ. ಅವತ್ತು ಅವಳು ಬಾಯಿ ಬುಡಂಗಿಲ್ಲ. ಮಧ್ಯಾಹ್ನದ ರೈಲಿಗೆ ಕರ್ಕೊಂಡು ಓಗ್ಬುಡಿ. ನಾನು ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿಗೆ ಓಯ್ತೀನಿ. ನನ್ ಕೈಲಿ ನೋಡಕ್ಕಾಗಕಿಲ್ಲ," ಅಂದ.

ಎಂಥಾ ಗಂಡಸು ನೋಡಿ! ಮಗಳನ್ನು ಕಳಿಸುವುದಕ್ಕೆ ಧೈರ್ಯ ಇಲ್ಲ, ಇಟ್ಟುಕೊಳ್ಳುವುದಕ್ಕೂ ಧೈರ್ಯ ಇಲ್ಲ. ತೆಂಗಿನಕಾಯಿಗೆ ಮಾತ್ರ ಧೈರ್ಯ. ನನಗೆ ಪೆಪ್ಪರ್‌ಮೆಂಟು ಬಾಯಲ್ಲಿ ಕಹಿಯಾಯಿತು. ಅಜ್ಜಿಯ ಬಾಯಿ ಕಟ್ಟಿಸಿದ್ದು ನನ್ನ ಬಾಯಿ ಬಿಡಿಸುವುದಕ್ಕೆ. ಈಗ ಅದೇ ವ್ರತದಿಂದ ನನ್ನನ್ನು ಕಾಯುವ ಒಂದೇ ಬಾಯಿಯೂ ಮುಚ್ಚಿತ್ತು.

ಭಾನುವಾರ ರಾತ್ರಿ ಅಜ್ಜಿಯ ಸೆರಗು ಹಿಡಿದು ಜಗ್ಗಿದೆ. "ಮ... ಮ... ಮ..." ಮಾವ ಬರುತ್ತಾನೆ ಅನ್ನಬೇಕು, ಅಷ್ಟೇ.

"ಮಜ್ಜಿಗೆನಾ? ಈ ಒತ್ತಲ್ಲಾ? ಮೈ ಬೆಚ್ಚಗದೇನವ್ವಾ? ಒಟ್ಟೆ ನೋವು ಕಣೇ ಇದ್ಕೆ, ಮುಖ ನೋಡು ಎಂಗ್ ಮಾಡ್ಕಂಡದೆ!"

ಓಂಕಾಳಿನ ಕಷಾಯ ಬಂತು. ಮೂಗು ಹಿಡಿದು ಕುಡಿಸಿದಳು. ನಾನು ಅತ್ತೆ. ಅತ್ತದ್ದಕ್ಕೆ ಇನ್ನೊಂದು ಲೋಟ ಬಂತು.

ಸೋಮವಾರ ಬೆಳಿಗ್ಗೆ ಅವ್ವ ನನ್ನ ಲಂಗಗಳನ್ನು ಮಡಿಸಿ ಒಂದು ಕೈಚೀಲಕ್ಕೆ ಹಾಕುತ್ತಿದ್ದಳು. ಅವಳಿಗೆ ಅಪ್ಪ ಹೇಳಿದ್ದ. ಅವಳ ಕಣ್ಣಿನಿಂದ ಸದ್ದಿಲ್ಲದೆ ನೀರು ಸುರಿಯುತ್ತಿತ್ತು. ವ್ರತ ಇಲ್ಲದಿದ್ದರೂ ಅವಳು ಗಂಡನ ಮಾತಿಗೆ ಎದುರಾಡುವವಳಲ್ಲ. ಸ್ಕೂಲಿಗೆ ಹೋದೆ, ಟೀಚರಮ್ಮನಿಗಾದರೂ ಹೇಳೋಣ ಅಂದರೆ ಅವರು ಸಂತೆಯ ದಿನ ಹಾಸನಕ್ಕೆ ಹೋದವರು ಮಧ್ಯಾಹ್ನದ ಮೇಲೆ ಬರುತ್ತಾರಂತೆ, ಹಾಗೇ ಊಟಕ್ಕೆ ಬಂದೆ. ಬಾಗಿಲಲ್ಲಿ ಜಟಕಾ ನಿಂತಿತ್ತು. ನಡುಮನೆಯಲ್ಲಿ ಮಾವ ಮೀಸೆ ತೀಡುತ್ತ ಕೂತಿದ್ದ. ಅಜ್ಜಿ ಒರಳಿನ ಮುಂದೆ ಹುಚ್ಚೆಳ್ಳು ಚಟ್ನಿ ರುಬ್ಬುತ್ತಿದ್ದವಳು ಕೈ ತೊಳೆಯುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದಳು. ಅವನು ಆಗ ತಾನೆ ವಿಷಯ ಹೇಳಿ ಮುಗಿಸಿದ್ದ ಅಂತ ಅವಳ ಮುಖ ನೋಡಿಯೇ ಗೊತ್ತಾಯಿತು.

ಅಜ್ಜಿ ಎದ್ದಳು. ಬಾಯಿ ತೆರೆದಳು. ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಆಡಿದರೆ ಆ ಮಾತು ನನ್ನ ಪಾಲಿನಿಂದ ಹೋಗುತ್ತದೆ. ಆಡದಿದ್ದರೆ ನಾನೇ ಹೋಗುತ್ತೇನೆ. ಬಾಯಿ ಮುಚ್ಚಿದಳು. ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಎತ್ತಿ ಬೇಡ ಬೇಡ ಅಂತ ಬೀಸಿದಳು.

ನನ್ನ ಮಾವನ ಬುದ್ಧಿವಂತಿಕೆಗೆ ಏನು ಹೇಳಲಿ! "ಆಶೀರ್ವಾದ ಮಾಡ್ತಾವ್ಳೆ ದೊಡ್ಡವ್ವ," ಅಂದು ಬಗ್ಗಿ ಅವಳ ಕಾಲಿಗೆ ನಮಸ್ಕಾರ ಮಾಡಿದ. ನನ್ನ ಕತ್ತನ್ನೂ ಹಿಡಿದು ಬಗ್ಗಿಸಿದ. ಅಜ್ಜಿ ಹಣೆ ಹಣೆ ಚಚ್ಚಿಕೊಂಡಳು. "ಅಳ್ಬ್ಯಾಡ ದೊಡ್ಡವ್ವ, ದೀಪಾವಳಿಗೆ ಕರ್ಕ ಬತ್ತೀನಿ," ಅಂದ. ಕೈಚೀಲ ಎತ್ತಿಕೊಂಡ. ನನ್ನ ಕೈ ಹಿಡಿದ.

ನಾನು ಕಂಬ ತಬ್ಬಿಕೊಂಡೆ. "ನ..." ಅಂದೆ.

"ಏನ್ ಮಗಾ? ನೀರಾ? ದಾರೀಲಿ ಕುಡಿಯವಂತೆ. ನಿದ್ದೆನಾ? ರೈಲಲ್ಲಿ..."

ಪಟ್ ಅಂತ ಅಜ್ಜಿಯ ಅಂಗೈ ಅವನ ಬಾಯಿ ಮೇಲೆ ಬಿತ್ತು. ಹಸಿ ಚಟ್ನಿಯ ಕೈ. ಮೀಸೆ, ಮೂಗು, ಗಲ್ಲ ಎಲ್ಲ ಹುಚ್ಚೆಳ್ಳು. ಅವನು ಉಸಿರು ಕಟ್ಟಿ ಕಣ್ಣು ಬಿಟ್ಟ, ಅಜ್ಜಿ ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನು ಅವ್ವನ ಕಡೆ, ಚಿಕ್ಕವ್ವನ ಕಡೆ ಎತ್ತಿ ಅಲ್ಲೇ ನಿಲ್ಲಿ ಅನ್ನುವ ಹಾಗೆ ತೋರಿಸಿದಳು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿ ನೆಲ ನೋಡುತ್ತ ನಿಂತಳು. ಸೀಮೆಸುಣ್ಣ ಜೋಡಿಸುವ ಟೀಚರಮ್ಮನ ಹಾಗೆ. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ. ಯಾರೂ ಇಲ್ಲ ಅಂತ ಕಾಣುತ್ತದೆ.

 ಹೊರಗೆ ಜಟಕಾದ ಕುದುರೆ ಕಾಲು ಬದಲಾಯಿಸಿದ್ದು ಕೇಳಿಸಿತು.

"ನ... ನ... ನ..." ಕಣ್ಣು ಮುಚ್ಚಿಕೊಂಡಿತು. ಯಾರೂ ಮಾತಾಡಲಿಲ್ಲ. ಉಸಿರು ಬಿಟ್ಟೆ, ಹತ್ತಿಯ ಎಳೆ ಹಾರದ ಹಾಗೆ. "ನಾ... ನಾ ಬರಾಕಿಲ್ಲ." ಯಾರೂ ಮಾತಾಡಲಿಲ್ಲ. ಮಾತಿಗೆ ಇನ್ನೂ ಜಾಗ ಇತ್ತು! ಆ ಮನೆಯಲ್ಲಿ ಮೊದಲನೆಯ ಸಲ, ನಾನು ಒಂದು ಮಾತು ಮುಗಿಸಿದ ಮೇಲೂ ಜಾಗ ಉಳಿದಿತ್ತು. "ಅ... ಅಜ್ಜಿ ಬುಟ್ಟು... ಎ... ಎಲ್ಲೂ ಓಗಾಕಿಲ್ಲ."

ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಜ್ಜಿ ತಲೆ ಎತ್ತಿದಳು. ಅವಳ ಗಲ್ಲ ನಡುಗುತ್ತಿತ್ತು, ಥೇಟ್ ನನ್ನ ತುಟಿ ನಡುಗುವ ಹಾಗೆ. ಮಾವನ ಬಾಯಿಂದ ಕೈ ತೆಗೆದಳು. ಅವನು ಪಾಪ, ಮೀಸೆ ನೆಕ್ಕಿ, "ಉಪ್ಪು ಕಮ್ಮಿ ಆಗದೆ," ಅಂದ. ಆಮೇಲೆ ತಾನೂ ಗೊಳೋ ಅಂತ ಅತ್ತ. ಜಟಕಾ ಖಾಲಿ ಹೋಯಿತು. ಮಾವ ಅದೇ ಚಟ್ನಿಯಲ್ಲಿ ರೊಟ್ಟಿ ತಿಂದು ಅರಕಲಗೂಡಿನ ಬಸ್ಸು ಹಿಡಿದ.

ನಾನು ಆ ಮಧ್ಯಾಹ್ನ ಸ್ಕೂಲಿಗೆ ಹೋಗಲಿಲ್ಲ. ಅಜ್ಜಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೆ. ಅವಳು ಮಾತಾಡುವ ಹಾಗಿಲ್ಲ, ಎದ್ದು ಹೋಗುವ ಮನಸ್ಸೂ ಇಲ್ಲ. ಇಂಥ ಅವಕಾಶ ಮತ್ತೆ ಸಿಗುತ್ತದಾ? ಶುರು ಮಾಡಿದೆ. ಒಂದು ಮಾತಿಗೆ ಒಂದು ವೀಳ್ಯ ಜಗಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಹಿಡಿಯಲಿ. ಉಗ್ಗು ಅವತ್ತೇ ಮಾಯವಾಯಿತು ಅಂತ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಆಮೇಲೂ ಬಹಳ ವರ್ಷ ಟೀಚರಮ್ಮನ ಹತ್ತಿ ಊದಿದ್ದೇನೆ, ರಾಗದಲ್ಲಿ ಮಗ್ಗಿ ಹೇಳಿದ್ದೇನೆ, ಈಗಲೂ ಸಿಟ್ಟು ಬಂದರೆ ಮೊದಲ ಅಕ್ಷರ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಎದುರಿನವರು ಕಾಯಲಿ, ಅವರಿಗೇನು ಅವಸರ?

ಕರು ಹಗ್ಗ ಬಿಚ್ಚಿಕೊಂಡದ್ದು ಹೇಳಿದೆ. ಅಜ್ಜಿ ಹಸುವನ್ನು ಬೈದದ್ದಕ್ಕೆ ಕೆನ್ನೆ ಬಡಿದುಕೊಂಡಳು. ಸಕ್ಕರೆ ಅಚ್ಚಿನ ವಿಷಯ ಹೇಳಿದೆ. ಚಿಕ್ಕವ್ವ ಒಲೆಯ ಮುಂದೆ ಇಷ್ಟೇ ಇಷ್ಟಾದಳು, ವ್ರತದಿಂದಾಗಿ ಇಲ್ಲ ಅನ್ನುವುದಕ್ಕೂ ಆಗಲಿಲ್ಲ. ಹೊತ್ತು ಇಳಿಯಿತು. ಸ್ಕೂಲಿಗೆ ಯಾಕೆ ಬರಲಿಲ್ಲ ಅಂತ ನೋಡುವುದಕ್ಕೆ ಟೀಚರಮ್ಮ ಬಂದು ಹೊಸ್ತಿಲಲ್ಲಿ ನಿಂತರು. ಅವರ ಹಿಂದೆ ಅಯ್ನೋರು ಸಂಜೆಯ ಪೂಜೆಗೆ ಬಂದರು. ಅವರ ಹಿಂದೆ ಅಪ್ಪ, ತೆಂಗಿನಕಾಯಿ ಮೂಟೆ ಹೊತ್ತುಕೊಂಡು, ಕಳ್ಳನ ಹಾಗೆ ಬಂದವನು ನನ್ನ ದನಿ ಕೇಳಿ ಮೂಟೆ ಕೆಡವಿದ. ಕಾಯಿಗಳು ನಡುಮನೆ ತುಂಬ ಉರುಳಿದವು.

ನಾನು ನಿಲ್ಲಿಸಲಿಲ್ಲ. ಸರಿಯಾಗಿ ಆ ಹೊತ್ತಿಗೆ ವ್ರತದ ಕಥೆಗೆ ಬಂದಿದ್ದೆ. "ಟೀ... ಟೀಚರಮ್ಮ ಅಯ್ನೋರಿಗೆ ಏ... ಏಳ್ಕೊಟ್ರು. ಅ... ಅಜ್ಜಿ ಬಾಯಿ ಮುಚ್ಚುಸಕ್ಕೆ." ಟೀಚರಮ್ಮ ಬೆಳ್ಳಗಾದರು. ಅಯ್ನೋರು ಸೂರು ನೋಡಿದರು. "ಅ... ಅಪ್ಪ ಮಾವ್ನ ಸ್ವಾ... ಸ್ವಾಮಾರನೇ ಬಾ ಅಂದ. ಅಜ್ಜಿ ಬೈಯಂಗಿಲ್ಲ ಅಂತ." ಅಪ್ಪ ಒಂದು ತೆಂಗಿನಕಾಯಿ ಎತ್ತಿಕೊಂಡು ಅದನ್ನೇ ಮೂರು ಸಲ ತಿರುಗಿಸಿ ನೋಡಿದ.

ಅಜ್ಜಿ ಒಬ್ಬೊಬ್ಬರನ್ನೇ ನೋಡಿದಳು. ಬೆಳಗಿನಿಂದ ತಡೆದದ್ದೆಲ್ಲ ಅವಳ ಕುತ್ತಿಗೆಯಲ್ಲಿ ಉಬ್ಬಿ ನಿಂತಿತ್ತು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ವ್ರತ ಮುಗಿಯಿತು. ಇನ್ನು ನಮ್ಮ ಕಥೆ ಮುಗಿಯಿತು ಅಂತ ಎಲ್ಲರೂ ನಿಂತಲ್ಲೇ ಕಲ್ಲಾದರು. ಅಯ್ನೋರು ಕೂಡ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ.

ಅಜ್ಜಿ ಗಂಟಲು ಸರಿಮಾಡಿಕೊಂಡಳು. ನನ್ನನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡಳು.

"ಎಲ್ರೂ ಕೂತ್ಕೊಳಿ," ಅಂದಳು. "ಯಾರೂ ಮದ್ಯಕ್ಕೆ ಬಾಯಿ ಆಕ್ಬ್ಯಾಡಿ. ಕೂಸು ಇನ್ನೂ ಮುಗ್ಸಿಲ್ಲ."

ಅಪ್ಪ, ಅಯ್ನೋರು, ಟೀಚರಮ್ಮ ತೆಂಗಿನಕಾಯಿಗಳ ನಡುವೆ ಜಾಗ ಮಾಡಿಕೊಂಡು ಕೂತರು. ಅಜ್ಜಿ ನೆಲ ನೋಡುತ್ತ ಕಾದಳು.